ಕಪ್ಪು ಸಮುದ್ರದ ಉಸಿರು

ಕಡಲು ಉಸಿರುಕಟ್ಟಿ ಸಾಯಬಹುದೆಂದರೆ ನಂಬುವವರು ಕಡಮೆ. ನೆಲದ ಮೇಲಿರುವ ನಾವು ನೀರಿನಲ್ಲಿ ಮುಳುಗಿದರೆ ಉಸಿರುಕಟ್ಟುವುದು ಸಹಜ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬಾಳುವ ಮೀನಿಗೆ ಆ ಭಯವೆಲ್ಲಿಯದು ಎಂದು ಕೇಳುವವರೇ ಹೆಚ್ಚು. ಆದರೆ ಮೀನಿಗೂ ಪ್ರಾಣವಾಯು ಬೇಕು. ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕವಿದ್ದರೆ, ಒಂದು ಲೀಟರು ಕಡಲನೀರಿನಲ್ಲಿ ಕರಗಿರುವುದು ಐದರಿಂದ ಎಂಟು ಮಿಲಿಗ್ರಾಮಿನಷ್ಟು. ಇಷ್ಟು ಅಲ್ಪ ಬಂಡವಾಳದಲ್ಲಿ ಕಡಲಿನ ಸಂಸಾರವೆಲ್ಲ ನಡೆಯಬೇಕು. ಅದು ಎರಡು ಮಿಲಿಗ್ರಾಮಿಗಿಂತ ಕೆಳಗಿಳಿಯಿತೆಂದರೆ ಈಜಬಲ್ಲ ಮೀನು ಊರು ಬಿಟ್ಟು ಓಡುತ್ತದೆ; ಓಡಲಾರದ ಚಿಪ್ಪುಜೀವಿ, ಹುಳು, ಏಡಿಗಳು ಇದ್ದಲ್ಲೇ ಸಾಯುತ್ತವೆ. ಇಂಥ ಜಾಗಕ್ಕೆ ವಿಜ್ಞಾನಿಗಳು ‘ಮೃತವಲಯ’ವೆಂದು ಹೆಸರಿಟ್ಟಿದ್ದಾರೆ. ರಾಬರ್ಟ್ ಡಯಾಸ್ ಮತ್ತು ರುಟ್ಗರ್ ರೋಸೆನ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು 2008ರಲ್ಲಿ ಲೆಕ್ಕ ಹಾಕಿದಾಗ ಲೋಕದ ಕರಾವಳಿಗಳಲ್ಲಿ ಇಂಥ ವಲಯಗಳು 400ಕ್ಕಿಂತ ಹೆಚ್ಚಿದ್ದುವು. ಅವುಗಳ ಒಟ್ಟು ವಿಸ್ತಾರ 2,45,000 ಚದರ ಕಿಲೋಮೀಟರು. ಎಂದರೆ ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದೊಂದು ಮಸಣ.

ಈ ನಾನೂರರಲ್ಲಿ ಒಂದರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕೆಟ್ಟ ಕಡಲುಗಳ ಕಥೆ ಬೇಕಾದಷ್ಟಿದೆ; ಕೆಟ್ಟು ಚೇತರಿಸಿಕೊಂಡ ಕಡಲಿನ ಕಥೆ ಅಪರೂಪ. ಈ ಕಡಲು ಚೇತರಿಸಿಕೊಂಡ ರೀತಿಯಂತೂ ಇನ್ನೂ ಅಪರೂಪ. ಅದು ಯಾರೂ ಬಯಸಿ ಮಾಡಿದ್ದಲ್ಲ.

ಯೂರೋಪಿಗೂ ಏಷ್ಯಕ್ಕೂ ನಡುವೆ ಇರುವ ಕಪ್ಪು ಸಮುದ್ರ ಹಿಂದಿನಿಂದಲೂ ನಾವಿಕರನ್ನು ಹೆದರಿಸಿದ ಕಡಲು. ಪ್ರಾಚೀನ ಗ್ರೀಕರು ಅದನ್ನು ಮೊದಲು ‘ಆಕ್ಸಿನೊಸ್’ ಎಂದು ಕರೆದರು. ಬಂದವರನ್ನು ಆದರಿಸದ ಕಡಲು ಎಂದು ಅದರ ಅರ್ಥ. ಆಮೇಲೆ ತಮ್ಮವರೇ ಅದರ ದಡದಲ್ಲಿ ಊರು ಕಟ್ಟಿ ಮೀನು, ಧಾನ್ಯಗಳ ವ್ಯಾಪಾರ ಹೂಡಿದ ಮೇಲೆ ‘ಯೂಕ್ಸಿನೊಸ್’, ಅತಿಥಿಗಳನ್ನು ಆದರಿಸುವ ಕಡಲು, ಎಂದು ಹೆಸರನ್ನು ತಿದ್ದಿದರು. ಸಿಡುಬನ್ನು ‘ಅಮ್ಮ’ ಎಂದು ಕರೆದು ಸಮಾಧಾನಪಡಿಸುತ್ತಿದ್ದ ನಮ್ಮ ಹಿರಿಯರ ಜಾಣತನ ಅವರಲ್ಲಿಯೂ ಇತ್ತೆಂದು ತೋರುತ್ತದೆ.

ವಿಚಿತ್ರವೇನೆಂದರೆ ಎರಡು ಹೆಸರೂ ನಿಜವೇ. ಮೇಲಿನ ಕಡಲು ಆದರಿಸುವ ಕಡಲು; ಕೆಳಗಿನದು ಕೊಲ್ಲುವ ಕಡಲು. ಈ ರಹಸ್ಯದ ಮೊದಲ ಎಳೆಯನ್ನು ಹಿಡಿದವನು ಲುಯಿಜಿ ಮಾರ್ಸಿಲಿ ಎಂಬ ಇಟಲಿಯ ತರುಣ. 1679ರಲ್ಲಿ ಅವನು ಕಾನ್‌ಸ್ಟಾಂಟಿನೋಪಲ್ಲಿಗೆ ಹೋದಾಗ ವಯಸ್ಸು ಇಪ್ಪತ್ತೊಂದು. ಅಲ್ಲಿನ ಬಾಸ್ಪೊರಸ್ ಜಲಸಂಧಿಯಲ್ಲಿ ನೀರು ಕಪ್ಪು ಸಮುದ್ರದಿಂದ ದಕ್ಷಿಣಕ್ಕೆ ಹರಿಯುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಿದ್ದರು. ಆದರೆ ಬೆಸ್ತರು, ಅಡಿಯಲ್ಲಿ ನೀರು ಎದುರುಮುಖವಾಗಿ ಹರಿಯುತ್ತದೆ ಎನ್ನುತ್ತಿದ್ದರು. ಓದಿದವರು ಓದದವರ ಮಾತನ್ನು ನಕ್ಕು ತಳ್ಳಿಬಿಡುವುದು ಎಲ್ಲ ಕಾಲದ ವಾಡಿಕೆ. ಮಾರ್ಸಿಲಿ ಹಾಗೆ ಮಾಡಲಿಲ್ಲ. ಬಿಳಿಯ ಬಣ್ಣ ಬಳಿದ ಬೆಂಡಿನ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಿದ. ಮೇಲಿನ ಬೆಂಡುಗಳು ಒಂದು ದಿಕ್ಕಿಗೆ ವಾಲಿದರೆ ಕೆಳಗಿನವು ಇನ್ನೊಂದು ದಿಕ್ಕಿಗೆ ವಾಲಿದುವು. ಮೇಲೆ ಹರಿಯುವುದು ನದಿಗಳು ತಂದ ನೀರು ಬೆರೆತ ಹಗುರವಾದ ನೀರು. ಕೆಳಗೆ ನುಗ್ಗುವುದು ಮೆಡಿಟರೇನಿಯನ್ ಕಡೆಯ ಉಪ್ಪಿನ, ಭಾರವಾದ ನೀರು. ಬೆಸ್ತರು ಹೇಳಿದ್ದು ಸರಿಯೆಂದು 1681ರಲ್ಲಿ ಅವನು ಪುಸ್ತಕವನ್ನೇ ಪ್ರಕಟಿಸಿದ.

ಹಗುರ ನೀರು ಭಾರದ ನೀರಿನ ಮೇಲೆ ಮುಚ್ಚಳದಂತೆ ಕುಳಿತರೆ ಎರಡೂ ಬೆರೆಯುವುದಿಲ್ಲ. ಗಾಳಿಯಿಂದ ಕರಗಿದ ಆಮ್ಲಜನಕ ಮೇಲಿನ ಪದರದಲ್ಲೇ ಉಳಿಯುತ್ತದೆ. ಮೇಲೆ ಸತ್ತ ಜೀವಗಳೋ ಕೆಳಗೆ ಬೀಳುತ್ತಲೇ ಇರುತ್ತವೆ. ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೆಳಗಿನ ಆಮ್ಲಜನಕವನ್ನೆಲ್ಲ ತಿಂದು ಮುಗಿಸುತ್ತವೆ. ಅದು ಮುಗಿದ ಮೇಲೆ ಗಂಧಕದ ಲವಣಗಳನ್ನೇ ಒಡೆದು ಬದುಕುವ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳ ರಾಜ್ಯ ಆರಂಭವಾಗುತ್ತದೆ. ಅವು ಹೊರಬಿಡುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲ. 1890ರಲ್ಲಿ ರಷ್ಯದ ನಿಕೊಲಾಯ್ ಆಂದ್ರುಸೋವ್ ‘ಚೆರ್ನೊಮೊರೆಟ್ಸ್’ ಎಂಬ ಹಡಗಿನಲ್ಲಿ ಹೋಗಿ ಆಳದ ನೀರನ್ನು ಎತ್ತಿಸಿದಾಗ ಬಂದದ್ದು ಈ ನಾತವೇ. ಎರಡು ಸಾವಿರ ಮೀಟರಿಗೂ ಮಿಕ್ಕಿದ ಆಳವುಳ್ಳ ಕಪ್ಪು ಸಮುದ್ರದಲ್ಲಿ, ಮೇಲಿನ ನೂರೈವತ್ತು ಇನ್ನೂರು ಮೀಟರು ಬಿಟ್ಟರೆ ಉಳಿದದ್ದೆಲ್ಲ ಆಮ್ಲಜನಕವಿಲ್ಲದ ನೀರು.

ಇದು ಪ್ರಕೃತಿ ಸಾವಿರಾರು ವರ್ಷಗಳಿಂದ ನಡೆಸಿಕೊಂಡು ಬಂದ ವ್ಯವಸ್ಥೆ. ಇದಕ್ಕೆ ಮನುಷ್ಯ ಹೊಣೆಯಲ್ಲ. ನಾನು ಇದನ್ನು ಇಷ್ಟು ವಿಸ್ತರಿಸಿ ಹೇಳಿದ್ದು, ಮನುಷ್ಯ ಹೊಣೆಯಾದದ್ದು ಎಲ್ಲಿ ಎಂಬುದು ಸ್ಪಷ್ಟವಾಗಲೆಂದು. ಈ ಕಡಲಿನ ವಾಯವ್ಯ ಮೂಲೆ ಆಳವಿಲ್ಲದ್ದು. ಡ್ಯಾನ್ಯೂಬ್, ನೀಸ್ಟರ್, ನೀಪರ್ ನದಿಗಳು ಬಂದು ಸೇರುವುದು ಅಲ್ಲಿಯೇ. ಅಲ್ಲಿ ತಳದವರೆಗೂ ಬೆಳಕು ಹೋಗುತ್ತಿತ್ತು, ಆಮ್ಲಜನಕವೂ ಇತ್ತು. 1908ರಲ್ಲಿ ಸೆರ್ಗೇಯ್ ಜೆರ್ನೋವ್ ಎಂಬ ವಿಜ್ಞಾನಿ ಅಲ್ಲಿಯ ತಳದಲ್ಲಿ ಕೆಂಪು ಪಾಚಿಯ ಒಂದು ಮಹಾ ತೋಟವನ್ನೇ ಕಂಡ. ಫಿಲೊಫೊರ ಎಂಬ ಆ ಪಾಚಿ ಸುಮಾರು 10,000 ಚದರ ಕಿಲೋಮೀಟರು ಹಬ್ಬಿತ್ತು. ಮರಿಮೀನುಗಳಿಗೆ ಅದೇ ತೊಟ್ಟಿಲು, ಅದೇ ಮೇವು. ಹಗಲಿನಲ್ಲಿ ಅದು ಹೊರಸೂಸುತ್ತಿದ್ದ ಆಮ್ಲಜನಕವೇ ತಳದ ನೀರಿಗೆ ಉಸಿರು. ಅದರ ಸುತ್ತಮುತ್ತ ನಮ್ಮ ಕರಾವಳಿಯ ಮರುವಾಯಿಯ ಬಳಗಕ್ಕೆ ಸೇರಿದ ಚಿಪ್ಪುಜೀವಿಗಳ ಹಾಸು. ಅವು ಹಗಲಿರುಳೂ ನೀರನ್ನು ಸೋಸಿ ತಿಳಿಯಾಗಿಡುತ್ತಿದ್ದುವು.

ಈ ತೋಟಕ್ಕೆ ಬೆಂಕಿ ಬಿದ್ದದ್ದು ಹೇಗೆ ಎಂದು ತಿಳಿಯಬೇಕಾದರೆ ಕಡಲನ್ನು ಬಿಟ್ಟು ಹೊಲಕ್ಕೆ ಬರಬೇಕು. 1898ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಸೇರಿದ ವಿಜ್ಞಾನಿಗಳ ಸಭೆಯಲ್ಲಿ ವಿಲಿಯಂ ಕ್ರುಕ್ಸ್ ಅಧ್ಯಕ್ಷಭಾಷಣ ಮಾಡುತ್ತ, ಗೋಧಿ ತಿನ್ನುವ ಜನ ಹೆಚ್ಚುತ್ತಿದ್ದಾರೆ, ಹೊಲಕ್ಕೆ ಹಾಕುವ ಸಾರಜನಕ ಸಾಲದಾಗುತ್ತಿದೆ, ರಸಾಯನಶಾಸ್ತ್ರಜ್ಞರೇ ದಾರಿ ತೋರಬೇಕು ಎಂದು ಎಚ್ಚರಿಸಿದ. ದಾರಿ ತೋರಿದವನು ಜರ್ಮನಿಯ ಫ್ರಿಟ್ಜ್ ಹೇಬರ್. ಗಾಳಿಯಲ್ಲಿ ತುಂಬಿರುವ ಸಾರಜನಕವನ್ನು ಜಲಜನಕದೊಡನೆ ಬೆಸೆದು ಅಮೋನಿಯ ಮಾಡಬಹುದೆಂದು 1909ರಲ್ಲಿ ಅವನು ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದ. 1913ರಲ್ಲಿ ಓಪ್ಪೌ ಎಂಬಲ್ಲಿ ಉತ್ಪಾದನೆ ಮೊದಲಾಯಿತು. ಇಂದು ಲೋಕದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಅನ್ನಕ್ಕೆ ಆಧಾರ ಈ ವಿದ್ಯೆಯೇ.

ನಾನು ಬೇಸಾಯಗಾರರ ಮನೆಯಲ್ಲಿ ಹುಟ್ಟಿದವನು. ಯೂರಿಯದ ಮೂಟೆ ಮನೆಗೆ ಬರುವ ಮುಂಚಿನ ಪೈರನ್ನೂ ಬಂದ ಮೇಲಿನ ಪೈರನ್ನೂ ನಮ್ಮ ಹಿರಿಯರು ಹೋಲಿಸಿ ಹೇಳುತ್ತಿದ್ದುದನ್ನು ಕೇಳಿ ಬೆಳೆದವನು. ಪಟ್ಟಣದಲ್ಲಿ ಕುಳಿತು ಗೊಬ್ಬರವನ್ನು ಶಪಿಸುವ ಹಕ್ಕು ನನಗಿದೆಯೆಂದು ನಾನು ಭಾವಿಸುವುದಿಲ್ಲ. ಆದರೆ ಹೊಲಕ್ಕೆ ಚೆಲ್ಲಿದ ಸಾರಜನಕವನ್ನೆಲ್ಲ ಪೈರು ಹೀರುವುದಿಲ್ಲ. ಸುಮಾರು ಅರ್ಧದಷ್ಟು ಹೊರಗುಳಿಯುತ್ತದೆ. ಅದರಲ್ಲಿ ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಮಳೆಯ ನೀರಿನಲ್ಲಿ ಕರಗಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಹೊಲದಲ್ಲಿ ಪೈರನ್ನು ಬೆಳೆಸುವ ವಸ್ತು ಕಡಲಿನಲ್ಲಿ ಸುಮ್ಮನಿದ್ದೀತೆ? ಅಲ್ಲಿಯೂ ಬೆಳೆಸುತ್ತದೆ. ಬೆಳೆಯುವುದು ಬತ್ತವಲ್ಲ, ಕಣ್ಣಿಗೆ ಕಾಣದ ತೇಲುಪಾಚಿ.

ಡ್ಯಾನ್ಯೂಬ್ ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ 2,850 ಕಿಲೋಮೀಟರು ಹರಿದು ಕಪ್ಪು ಸಮುದ್ರವನ್ನು ಸೇರುವ ನದಿ. ವಿಯೆನ್ನ, ಬುಡಪೆಸ್ಟ್, ಬೆಲ್‌ಗ್ರೇಡ್ ನಗರಗಳು ಅದರ ದಡದಲ್ಲಿವೆ. ಅದರ ಜಲಾನಯನ ಪ್ರದೇಶದಲ್ಲಿ ಇಂದು 19 ದೇಶಗಳ ಸುಮಾರು 8 ಕೋಟಿ ಜನ ಬಾಳುತ್ತಾರೆ. 1960ರಿಂದ ಆಚೆಗೆ ಇದರ ಕೆಳದಂಡೆಯ ದೇಶಗಳಲ್ಲಿ ಕೃಷಿಯನ್ನು ಕಾರ್ಖಾನೆಯಂತೆ ನಡೆಸುವ ಹುಮ್ಮಸ್ಸು ಹುಟ್ಟಿತು. ಯೋಜನೆಯ ಗುರಿ ಮುಟ್ಟಬೇಕು. ಗೊಬ್ಬರಕ್ಕೆ ಸರ್ಕಾರದ ನೆರವಿದೆ. ಹೆಚ್ಚು ಚೆಲ್ಲಿದರೆ ಕೇಳುವವರಿಲ್ಲ. ಒಂದೊಂದು ಕೇಂದ್ರದಲ್ಲಿ ಲಕ್ಷಗಟ್ಟಲೆ ಹಂದಿ ಸಾಕುವ ದೊಡ್ಡಿಗಳು ಎದ್ದುವು. ಅವುಗಳ ಕೊಳೆ ನೇರವಾಗಿ ಹೊಳೆಗೆ. ನಗರಗಳ ಮಲಿನ ನೀರು, ಬಟ್ಟೆ ತೊಳೆಯುವ ಪುಡಿಗಳಲ್ಲಿನ ರಂಜಕ ಅದರೊಡನೆ ಸೇರಿದುವು. ಪಶ್ಚಿಮದ ಸಿರಿವಂತ ದೇಶಗಳ ಪಾಲೂ ಇದರಲ್ಲಿ ಇಲ್ಲದಿರಲಿಲ್ಲ. ಮೇಲ್ದಂಡೆಯ ಕೊಳೆಗೆ ರಾಜಕೀಯದ ಗಡಿ ಗೊತ್ತಿಲ್ಲ.

ಇಷ್ಟು ಸಾಲದೆಂಬಂತೆ ನದಿಗೆ ಪ್ರಕೃತಿ ಕೊಟ್ಟಿದ್ದ ಸೋಸುಗಗಳನ್ನೂ ಮನುಷ್ಯ ಕಿತ್ತುಹಾಕಿದ. ನೆರೆ ಹರಡಿ ನಿಲ್ಲುತ್ತಿದ್ದ ಬಯಲುಗಳಿಗೆ ಏರಿ ಕಟ್ಟಿ ಹೊಲ ಮಾಡಿದರು. ಜೊಂಡುಹುಲ್ಲಿನ ಮಹಾಸಾಗರದಂತಿದ್ದ ಡ್ಯಾನ್ಯೂಬ್ ಮುಖಜಭೂಮಿಯನ್ನು ಬೇಸಾಯಕ್ಕೆ ಒಳಪಡಿಸುವ ಯೋಜನೆಯನ್ನು ರುಮೇನಿಯದ ಚೌಷೆಸ್ಕು ಸರ್ಕಾರ 1983ರಲ್ಲಿ ಹೂಡಿತು. 1972ರಲ್ಲಿ ಮುಗಿದ ‘ಐರನ್ ಗೇಟ್ಸ್’ ಅಣೆಕಟ್ಟು ಇನ್ನೊಂದು ಬದಲಾವಣೆಯನ್ನು ತಂದಿತು. ಮರಳಿನ ಸತ್ತ್ವವಾದ ಸಿಲಿಕ ಅಣೆಯ ಹಿಂದೆ ಉಳಿಯತೊಡಗಿತು. ಸಿಲಿಕದಿಂದ ಕವಚ ಕಟ್ಟಿಕೊಳ್ಳುವ ಡಯಾಟಮ್ ಎಂಬ ಒಳ್ಳೆಯ ಜಾತಿಯ ಪಾಚಿ ಹಿಂದೆ ಬಿದ್ದು, ಮೀನಿಗೆ ಅಷ್ಟಾಗಿ ಒಗ್ಗದ ಬೇರೆ ಜಾತಿಗಳು ಮುಂದೆ ಬಂದುವು.

ಮುಂದಿನದು ಒಂದರ ಹಿಂದೆ ಒಂದು ಕಟ್ಟಿಟ್ಟಂತೆ ನಡೆಯಿತು. ತೇಲುಪಾಚಿ ಹೆಚ್ಚಿ ನೀರು ಬಗ್ಗಡವಾಯಿತು. ಬಗ್ಗಡದಲ್ಲಿ ಬೆಳಕು ತಳಕ್ಕೆ ಇಳಿಯಲಿಲ್ಲ. ಬೆಳಕಿಲ್ಲದೆ ಜೆರ್ನೋವ್ ಕಂಡ ಕೆಂಪು ತೋಟ ಬಾಡಿತು. ತೇಲುಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಆಮ್ಲಜನಕವನ್ನು ತಿಂದಿತು; ಅದನ್ನು ತುಂಬಿಕೊಡುತ್ತಿದ್ದ ತೋಟ ಈಗಿಲ್ಲ. ಬೇಸಗೆಯಲ್ಲಿ ಮೇಲಿನ ಬೆಚ್ಚನೆಯ ನೀರು ಮುಚ್ಚಳ ಹಾಕಿತು. 1973ರ ಬೇಸಗೆಯ ಕೊನೆಯಲ್ಲಿ ಡ್ಯಾನ್ಯೂಬಿಗೂ ನೀಸ್ಟರಿಗೂ ನಡುವೆ ಸುಮಾರು 3,500 ಚದರ ಕಿಲೋಮೀಟರು ತಳ ಉಸಿರುಕಟ್ಟಿತು. 1978ರ ಹೊತ್ತಿಗೆ ಅದು 30,000 ಚದರ ಕಿಲೋಮೀಟರಿಗೆ ಹಬ್ಬಿತು. ಮೀನು ಸತ್ತಿತು, ಚಿಪ್ಪುಜೀವಿಗಳೂ ಸತ್ತುವು. ಅವು ಸತ್ತದ್ದರಿಂದ ನೀರನ್ನು ಸೋಸುವವರಿಲ್ಲದೆ ಬಗ್ಗಡ ಇನ್ನೂ ಹೆಚ್ಚಿತು. ಸಾಲ ತೀರಿಸಲು ಸಾಲ ಮಾಡಿದವನ ಮನೆಯ ಗತಿ ಕಡಲಿಗೂ ಬಂತು. ಈ ಕಡಲನ್ನು ಬಾಳಿಡೀ ಅಭ್ಯಾಸ ಮಾಡಿದ ಒಡೆಸ್ಸದ ಯುವೆನಾಲಿ ಜೈಟ್ಸೆವ್, 1973ರಿಂದ 1990ರವರೆಗೆ ತಳದಲ್ಲಿ ಸತ್ತ ಜೀವರಾಶಿ 6 ಕೋಟಿ ಟನ್ನು, ಅದರಲ್ಲಿ ಮೀನೇ 50 ಲಕ್ಷ ಟನ್ನು ಎಂದು ಅಂದಾಜು ಮಾಡಿದರು.

ಬಡಮನೆಗೆ ಕಳ್ಳ ನುಗ್ಗಿದಂತೆ, ಇದೇ ಹೊತ್ತಿಗೆ ಇನ್ನೊಂದು ಉಪದ್ರವ ಬಂತು. ಖಾಲಿ ಹಡಗುಗಳು ತೂಕಕ್ಕೆಂದು ಒಡಲಲ್ಲಿ ನೀರು ತುಂಬಿಕೊಂಡು ಬರುತ್ತವಷ್ಟೆ. ಹಾಗೆ ಬಂದ ನೀರಿನಲ್ಲಿ ಅಮೆರಿಕದ ಕರಾವಳಿಯ ನಿಮಿಯಾಪ್ಸಿಸ್ ಎಂಬ ಲೋಳೆಯಂಥ ಪಾರದರ್ಶಕ ಜೀವಿ 1980ರ ದಶಕದ ಮೊದಲಲ್ಲಿ ಕಪ್ಪು ಸಮುದ್ರಕ್ಕೆ ಇಳಿಯಿತು. ಅದನ್ನು ತಿನ್ನುವ ಪ್ರಾಣಿ ಅಲ್ಲಿರಲಿಲ್ಲ. ಅದಾದರೋ ಮೀನಿನ ಮೊಟ್ಟೆ, ಮರಿ, ಮರಿಗಳ ಮೇವು, ಯಾವುದನ್ನೂ ಬಿಡಲಿಲ್ಲ. 1989ರಲ್ಲಿ ಅದರ ಸಂತತಿ ಎಲ್ಲೆ ಮೀರಿತು. ತುರ್ಕಿಯ ಉತ್ತರ ಕರಾವಳಿಯವರಿಗೆ ‘ಹಮ್ಸಿ’ ಎಂಬ ಸಣ್ಣ ಮೀನೆಂದರೆ ನಮ್ಮ ಕರಾವಳಿಯವರಿಗೆ ಬೂತಾಯಿ ಇದ್ದ ಹಾಗೆ: ಬಡವನ ಊಟ, ಊರಿನ ಮಾತು, ಬೆಸ್ತನ ಬಾಳು. ಆ ಹಮ್ಸಿಯ ಹಿಡುವಳಿ ಕೆಲವೇ ವರ್ಷಗಳಲ್ಲಿ ಕುಸಿದುಬಿತ್ತು. ಬಲೆ ಬೀಸಿದವನಿಗೆ ಬಲೆ ತುಂಬ ಲೋಳೆ. ಅವನು ಯೂರಿಯವನ್ನು ಕಂಡವನಲ್ಲ, ಗೋಧಿ ಬೆಳೆದವನಲ್ಲ, ಯೋಜನೆ ಹಾಕಿದವನಂತೂ ಮೊದಲೇ ಅಲ್ಲ. ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ. ನಡುವೆ ಸಾವಿರ ಮೈಲಿ ನದಿ. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

1990ರಲ್ಲಿ ಉಸಿರುಕಟ್ಟಿದ ತಳದ ವಿಸ್ತಾರ ಸುಮಾರು 40,000 ಚದರ ಕಿಲೋಮೀಟರು. ಆಗ ಯಾರೂ ನಿರೀಕ್ಷಿಸದೆ ಇದ್ದದ್ದು ನಡೆಯಿತು. 1989ರಲ್ಲಿ ಪೂರ್ವ ಯೂರೋಪಿನ ಸರ್ಕಾರಗಳು ಒಂದೊಂದಾಗಿ ಉರುಳಿದ್ದುವು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಗೊಬ್ಬರಕ್ಕೆ ಕೊಡುತ್ತಿದ್ದ ನೆರವು ನಿಂತಿತು. ರೈತನ ಕೈಯಲ್ಲಿ ಕಾಸಿಲ್ಲ. ಗೊಬ್ಬರದ ಬಳಕೆ ಅರ್ಧಕ್ಕಿಂತ ಕೆಳಕ್ಕೆ ಬಿತ್ತು. ಹಂದಿಯ ದೊಡ್ಡಿಗಳು ಬಾಗಿಲು ಹಾಕಿದುವು. ಮನುಷ್ಯರಿಗೆ ಅದು ಘೋರವಾದ ಕಾಲ: ಕೆಲಸ ಹೋದವರು, ಪಿಂಚಣಿ ಹೋದವರು, ಬ್ರೆಡ್ಡಿಗಾಗಿ ಸಾಲು ನಿಂತವರು. ಆದರೆ ಕಡಲಿನ ಮೇಲಿನ ಹೊರೆ ಇಳಿಯಿತು. 1996ರ ಬೇಸಗೆಯಲ್ಲಿ, ಎಷ್ಟೋ ವರ್ಷಗಳ ಮೇಲೆ, ವಾಯವ್ಯದ ತಳದಲ್ಲಿ ಮೃತವಲಯ ಕಾಣಲಿಲ್ಲ. ಮರುವರ್ಷ ನಿಮಿಯಾಪ್ಸಿಸ್ಸನ್ನೇ ತಿಂದು ಬದುಕುವ ಬೆರೊಯೆ ಎಂಬ ಇನ್ನೊಂದು ಲೋಳೆಜೀವಿ ತಾನಾಗಿ ಬಂದು ನೆಲಸಿ ಅದರ ಹಾವಳಿಯನ್ನು ತಗ್ಗಿಸಿತು. ಚಿಪ್ಪುಜೀವಿಗಳು ಮೆಲ್ಲಮೆಲ್ಲನೆ ಮರಳತೊಡಗಿದುವು. ಕೆಂಪು ಪಾಚಿಯ ತೋಟದಲ್ಲಿ ಉಳಿದದ್ದನ್ನು ಉಕ್ರೇನ್ 2008ರಲ್ಲಿ ರಕ್ಷಿತ ಪ್ರದೇಶವೆಂದು ಸಾರಿತು.

ಒಂದು ರಾಜ್ಯ ಮುರಿದುಬಿದ್ದದ್ದರಿಂದ ಒಂದು ಕಡಲು ಉಸಿರಾಡಿತು ಎಂಬ ಈ ಸಂಗತಿಯನ್ನು ಓದಿದ ದಿನ ನಾನು ಸಂತೋಷಪಡಬೇಕೋ ನಾಚಿಕೆಪಡಬೇಕೋ ತಿಳಿಯದೆ ಕುಳಿತಿದ್ದೆ. ಕಡಲಿನ ಕ್ಷೇಮಕ್ಕೆ ಮನುಷ್ಯ ಹಸಿಯಲೇಬೇಕೆ? ಹಾಗಾದರೆ ಈ ಚರಿತ್ರೆ ನಮಗೆ ಕಲಿಸುವುದು ಏನೂ ಇಲ್ಲ; ಹಸಿವನ್ನು ಮದ್ದೆಂದು ಹೇಳುವ ವೈದ್ಯ ನಮಗೆ ಬೇಡ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲವೆಂಬುದು ಸಮಾಧಾನ. 1992ರಲ್ಲಿ ಕಪ್ಪು ಸಮುದ್ರದ ದಡದ ಆರು ದೇಶಗಳು ಬುಕಾರೆಸ್ಟಿನಲ್ಲಿ, 1994ರಲ್ಲಿ ಡ್ಯಾನ್ಯೂಬ್ ದಂಡೆಯ ದೇಶಗಳು ಸೋಫಿಯದಲ್ಲಿ ಒಪ್ಪಂದ ಮಾಡಿಕೊಂಡುವು. ನದಿಯ ನೀರನ್ನು ಒಟ್ಟಾಗಿ ಕಾಯಲು ವಿಯೆನ್ನದಲ್ಲಿ ಆಯೋಗವೊಂದು ಕೆಲಸ ಮಾಡುತ್ತಿದೆ. ನಗರಗಳು ಮಲಿನ ನೀರನ್ನು ಶುದ್ಧಿಮಾಡುವ ಸ್ಥಾವರಗಳನ್ನು ಕಟ್ಟಿದುವು. ಮನೆಯಲ್ಲಿ ಬಟ್ಟೆ ಒಗೆಯುವ ಪುಡಿಯಲ್ಲಿ ರಂಜಕವನ್ನು ಯೂರೋಪಿನ ಒಕ್ಕೂಟ 2013ರಿಂದ ಕಟ್ಟುನಿಟ್ಟಾಗಿ ಮಿತಿಗೊಳಿಸಿತು. ಆ ದೇಶಗಳ ಆರ್ಥಿಕ ಸ್ಥಿತಿ ಸುಧಾರಿಸಿದ ಮೇಲೂ ಕಡಲು ಹಿಂದಿನ ದುರ್ಗತಿಗೆ ಇಳಿದಿಲ್ಲ. ಆಪತ್ತು ಕಳೆಯಿತೆಂದು ಇದರ ಅರ್ಥವಲ್ಲ. ಯುದ್ಧದ ನಡುವೆ 2023ರ ಜೂನ್ 6ರಂದು ನೀಪರ್ ನದಿಯ ಕಖೋವ್ಕ ಅಣೆಕಟ್ಟು ಒಡೆದಾಗ ಅದರ ಕೊಚ್ಚೆಯೆಲ್ಲ ಬಂದು ಬಿದ್ದದ್ದು ಇದೇ ವಾಯವ್ಯ ಮೂಲೆಗೆ.

ಅಮೆರಿಕದ ಉದಾಹರಣೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಸಾಮ್ರಾಜ್ಯ ಮುರಿಯಲಿಲ್ಲ, ವಿಜ್ಞಾನಕ್ಕೂ ಕೊರತೆಯಿಲ್ಲ. ನ್ಯಾನ್ಸಿ ರಬಲೈ ಮತ್ತು ಸಂಗಡಿಗರು 1985ರಿಂದ ಮಿಸಿಸಿಪ್ಪಿ ನದಿಯ ಮುಖದಲ್ಲಿರುವ ಮೃತವಲಯವನ್ನು ಬೇಸಗೆ ಬೇಸಗೆಗೂ ಅಳೆಯುತ್ತ ಬಂದಿದ್ದಾರೆ. ಹಾಗಿದ್ದೂ 2017ರಲ್ಲಿ ಅದು 22,720 ಚದರ ಕಿಲೋಮೀಟರಿಗೆ ಬೆಳೆಯಿತು. ಅಳತೆ ಆರಂಭವಾದಂದಿನಿಂದ ಅಷ್ಟು ದೊಡ್ಡದನ್ನು ಯಾರೂ ಕಂಡಿರಲಿಲ್ಲ. ರೋಗ ತಿಳಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ.

ಇನ್ನು ನಮ್ಮ ಮನೆಯಂಗಳದ ಮಾತು. ಅರಬ್ಬಿ ಸಮುದ್ರದ ನಡುವಣ ಆಳದಲ್ಲಿ ಆಮ್ಲಜನಕ ತೀರ ಕಡಮೆಯಿರುವ ಒಂದು ದಪ್ಪ ಪದರವಿದೆ. 1933–34ರಲ್ಲಿ ಸೀಮರ್ ಸೀವೆಲ್ ಅವರ ಮುಂದಾಳುತನದಲ್ಲಿ ‘ಮಬಾಹಿತ್’ ಎಂಬ ಈಜಿಪ್ಟಿನ ಹಡಗು ನಡೆಸಿದ ಶೋಧಯಾತ್ರೆ ಅದನ್ನು ಬೆಳಕಿಗೆ ತಂದಿತು. ಇದೂ ಪ್ರಕೃತಿಯದೇ ವ್ಯವಸ್ಥೆ. ಮುಂಗಾರಿನ ಗಾಳಿ ಬೀಸಿದಾಗ ಆ ಆಳದ ನೀರು ಮೇಲೆದ್ದು ನಮ್ಮ ಪಶ್ಚಿಮ ಕರಾವಳಿಯ ತಳಕ್ಕೆ ಹರಡುತ್ತದೆ. ಮೇಲೆ ಮಳೆಯ ಸಿಹಿನೀರು ಮುಚ್ಚಳ ಹಾಕುತ್ತದೆ. ಮಾರ್ಸಿಲಿ ಕಂಡ ಆಟವೇ ಇಲ್ಲಿಯೂ. ಆ ನೀರು ಹೊತ್ತು ತರುವ ಪೋಷಕಾಂಶಗಳಿಂದಲೇ ನಮ್ಮ ಬಂಗುಡೆ, ಬೂತಾಯಿಗಳ ಸಮೃದ್ಧಿ. ಅದೇ ನೀರಿನಿಂದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಳದಲ್ಲಿ ಉಸಿರಿನ ಬರ. ಕೊಟ್ಟ ಕೈಯೇ ಕಸಿಯುವುದೂ ಹೌದು. ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 1999ರಲ್ಲಿ ಈ ಕರಾವಳಿಯ ತಳದಲ್ಲಿ ಹೈಡ್ರೊಜನ್ ಸಲ್ಫೈಡನ್ನೂ ಕಂಡು, ಈ ಬರ ಉಗ್ರವಾಗುತ್ತಿದೆಯೆಂದೂ, ನೆಲದಿಂದ ಬರುವ ಸಾರಜನಕ ಅದಕ್ಕೆ ಕಾರಣವಾಗಿರಬಹುದೆಂದೂ 2000ದಲ್ಲಿ ಬರೆದರು. ಈಚೆಗೆ ಕಡಲು ಬೆಚ್ಚಗಾಗುತ್ತಿದೆ. ಬೆಚ್ಚನೆಯ ನೀರು ಆಮ್ಲಜನಕವನ್ನು ಕಡಮೆ ಹಿಡಿಯುತ್ತದೆ. 1960ರಿಂದ ಈಚೆಗೆ ಲೋಕದ ಕಡಲುಗಳೆಲ್ಲ ಸೇರಿ ತಮ್ಮ ಆಮ್ಲಜನಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಕಳೆದುಕೊಂಡಿವೆ. ಮೊದಲೇ ಏದುಸಿರು ಬಿಡುತ್ತಿರುವವನ ಎದೆಯ ಮೇಲೆ ಇನ್ನೊಂದು ಕಲ್ಲು ಇಡಬಾರದೆಂದು ತಿಳಿಯಲು ವಿಜ್ಞಾನಿಯೇ ಆಗಬೇಕಿಲ್ಲ.

ಬೆಂಗಳೂರಿನಲ್ಲಿ ಕುಳಿತು ಈ ಪುಟವನ್ನು ಓದುವವರು, ಕಡಲಿಗೂ ನಮಗೂ ಏನು ಎನ್ನಬಹುದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಅವರಿಗೆ ನೆನಪಿರಬೇಕು. ಬೆಳ್ಳಂದೂರು ಕೆರೆಯ ನೊರೆ ಬೀದಿಗೆ ಹಾರಿ ಬಂದದ್ದನ್ನೂ, 2017ರ ಫೆಬ್ರುವರಿಯಲ್ಲಿ ಅದೇ ಕೆರೆ ಹೊತ್ತಿ ಹೊಗೆಯಾಡಿದ್ದನ್ನೂ ಮರೆತಿರಲಾರರು. ನಮ್ಮ ಬಚ್ಚಲ ನೀರಿನಿಂದ, ಒಗೆಯುವ ಪುಡಿಯಿಂದ ಕೆರೆಗಳಿಗೆ ಬಂದ ಗತಿ ಅದು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ, ಪಿನಾಕಿನಿಯ ಜೊತೆ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ. ನಮ್ಮ ಬಚ್ಚಲಿನ ತೂಬೂ ಕೊನೆಗೆ ಕಡಲಿಗೇ ತೆರೆದಿದೆ.

ಕಪ್ಪು ಸಮುದ್ರದ ಚರಿತ್ರೆಯಿಂದ ನಾನು ತಿಳಿದದ್ದು ಎರಡು ಮಾತು. ಒಂದು, ಹೊರೆ ಇಳಿಸಿದರೆ ಕಡಲು ಚೇತರಿಸಿಕೊಳ್ಳಬಲ್ಲದು. ಅದಕ್ಕೆ ನಮ್ಮ ಮೇಲೆ ಹಗೆಯಿಲ್ಲ. ಇನ್ನೊಂದು, ಹೊರೆ ಇಳಿಸುವುದಕ್ಕೆ ರಾಜ್ಯಗಳು ಉರುಳಬೇಕಿಲ್ಲ. ಪೈರು ಉಣ್ಣುವಷ್ಟೇ ಗೊಬ್ಬರ ಹಾಕುವುದು, ಕೊಳೆಯನ್ನು ಸೋಸಿ ಬಿಡುವುದು, ಹೊಳೆಯ ಬದಿಯ ಜೊಂಡನ್ನು ಉಳಿಸುವುದು, ಇವು ಯಾರನ್ನೂ ಉಪವಾಸ ಕೆಡವುವ ಕೆಲಸಗಳಲ್ಲ. ಅಲ್ಲಿಯ ಜನ ದಿವಾಳಿಯ ದೆಸೆಯಿಂದ ಮೊದಲು ಕಂಡದ್ದನ್ನು ನಾವು ವಿವೇಕದಿಂದ ಕಾಣಬಹುದು. ಮುಂದಿನ ಮುಂಗಾರಿನ ಗಾಳಿ ಆಳದ ನೀರನ್ನು ಮತ್ತೆ ನಮ್ಮ ಕರಾವಳಿಗೆ ತಂದೇ ತರುತ್ತದೆ. ಅದರ ಜೊತೆಗೆ ಮೇಲಿನಿಂದ ನಾವು ಏನನ್ನು ಕಳುಹಿಸುತ್ತೇವೆಂಬುದು ಮಾತ್ರ ನಮ್ಮ ಕೈಯಲ್ಲಿದೆ.